ಕಡೇ ಮನೆಯ ತಿಳಿನೀರು

ಗದಗ-ಬೆಟಗೇರಿಯಲ್ಲಿ ನಾನು ನೀರು ಸರಬರಾಜಿನ ಕಿರಿಯ ಇಂಜಿನಿಯರನಾಗಿದ್ದಾಗ ಬೀದಿಯ ಜನ ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಹಿಂದೆ ಬರುವವನ ಹೆಗಲ ಮೇಲೆ ಚಾವಿ ಇದೆಯೋ ಇಲ್ಲವೋ ಎಂದು ನೋಡುತ್ತಿದ್ದರು. ಚಾವಿ ಎಂದರೆ ಆಳೆತ್ತರದ ಕಬ್ಬಿಣದ ಸರಳು, ತಲೆಯಲ್ಲಿ ಅಡ್ಡ ಹಿಡಿ. ಅದನ್ನು ರಸ್ತೆಯ ತೂತಿನೊಳಗೆ ಇಳಿಸಿ ವಾಲ್ವ್ ತಿರುಗಿಸಿದರೆ ಆ ಓಣಿಗೆ ನೀರು ಬಂತು. ತಿರುಗಿಸುವವನು ನನಗಿಂತ ಹಿರಿಯ, ಬಾಯಿ ಬಲು ಚುರುಕು. ಓಣಿಯ ಹೆಂಗಸರೆಲ್ಲ ಅವನನ್ನು ನೀರಣ್ಣ ಎಂದೇ ಕರೆಯುತ್ತಿದ್ದರು. ಅವನ ಖರೆ ಹೆಸರು ಮಸೀದಿಯಲ್ಲಿ ನಮಾಜಿಗೆ ಕೂಡುವವರಿಗಷ್ಟೇ ಗೊತ್ತಿತ್ತೋ ಏನೋ.

"ಸಾಹೇಬ್ರ, ನೀವು ಓಣ್ಯಾಗ ಬಂದ್ರ ಅರ್ಜಿ ಕೊಡತಾರ. ನಾ ಬಂದ್ರ ಚಹಾ ಕೊಡತಾರ," ಎಂದು ನನ್ನನ್ನು ಕೆಣಕುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು. ಮುಂಡರಗಿಯ ನೀರು ಕುಡಿದು ಬೆಳೆದವನು ನಾನು, ಸಿಟ್ಟಿಗೇನೂ ಬರವಿರಲಿಲ್ಲ. ಆದರೆ ಅವನು ಹೇಳುತ್ತಿದ್ದದ್ದು ಸುಳ್ಳಲ್ಲವಲ್ಲ, ಹಾಗಾಗಿ ಸುಮ್ಮನೆ ಅವನ ಪಾಲಿನ ಚಹಾದಲ್ಲಿ ಅರ್ಧ ಕಸಿದುಕೊಂಡು ಕುಡಿಯುತ್ತಿದ್ದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹಮ್ಮಿಗಿಯ ಹತ್ತಿರ ತುಂಗಭದ್ರೆಯ ನೀರನ್ನು ಎತ್ತಿ, ಅಷ್ಟು ದೂರದಿಂದ ಊರಿಗೆ ತಂದು ಟಾಕಿ ತುಂಬಿಸಿ, ಓಣಿಗೊಂದು ಪಾಳಿಯಂತೆ ಬಿಡುತ್ತಿದ್ದೆವು. ಪಾಳಿ ಬಂದಾಗ ಓಣಿಯ ಅಷ್ಟೂ ನಳಗಳು ಒಟ್ಟಿಗೇ ತೆರೆದುಕೊಳ್ಳುತ್ತಿದ್ದವು. ಅಷ್ಟು ಬಾಯಿಗಳು ಒಮ್ಮೆಲೇ ತೆರೆದರೆ ಒತ್ತಡ ಎಲ್ಲಿ ಉಳಿಯಬೇಕು? ನೀರು ನೆಲದ ಮಟ್ಟಕ್ಕೆ ಏರುತ್ತಲೇ ಇರಲಿಲ್ಲ. ಅದಕ್ಕೆ ಜನ ತಾವೇ ಒಂದು ಉಪಾಯ ಕಂಡುಕೊಂಡಿದ್ದರು. ಮನೆಯ ಮುಂದೆ ಗುಂಡಿ ತೋಡಿ, ಪೈಪನ್ನು ಅಲ್ಲೇ ಕತ್ತರಿಸಿ, ಗುಂಡಿಯೊಳಗೆ ಇಳಿದು ಕೊಡ ಹಿಡಿಯುವುದು. ಪಕ್ಕದ ಮನೆಯವರು ಮೊಣಕಾಲುದ್ದ ತೋಡಿದರೆ ಇವರು ಸೊಂಟದುದ್ದ. ತಿರುಗಿಸಿ ನೀರು ನಿಲ್ಲಿಸುವ ತೋಟಿ ಎಂಬ ವಸ್ತುವೇ ಯಾವ ನಳಕ್ಕೂ ಇರಲಿಲ್ಲ. ಸದಾ ತೆರೆದಿರಬೇಕಾದ ಬಾಯಿಗೆ ತೋಟಿ ಯಾಕೆ ಬೇಕು?

ನಾನು ಬಾಡಿಗೆಗಿದ್ದದ್ದು ಬೆಟಗೇರಿಯ ಇಂಥದೇ ಒಂದು ನೇಕಾರರ ಓಣಿಯಲ್ಲಿ, ಇಳಿಜಾರಿನ ಮೇಲ್ತುದಿಗೆ, ವಾಲ್ವಿಗೆ ಹತ್ತಿರದ ಮೊದಲ ಮನೆಯಲ್ಲಿ. ಮನೆಯೊಡತಿಯನ್ನು ನಾನೂ ಓಣಿಯವರಂತೆ ಆಯಿ ಎನ್ನುತ್ತಿದ್ದೆ. ಇಡೀ ಓಣಿಯಲ್ಲಿ ಅತ್ಯಂತ ಆಳದ, ಅಂದವಾದ, ಕಲ್ಲಿನ ಮೆಟ್ಟಿಲು ಕಟ್ಟಿದ ಗುಂಡಿ ಎಂದರೆ ಆಯಿಯದು. ಬಂದವರಿಗೆ ಅದನ್ನು ತೋರಿಸಿ ಹೆಮ್ಮೆಪಡುತ್ತಿದ್ದರು. ಬಚ್ಚಲ ನೀರು, ಗಟಾರದ ಒಸರು ಅದರೊಳಗೆ ನಿಂತಿರುತ್ತಿತ್ತು. ಪಾಳಿಯ ಹೊತ್ತಿಗೆ ಕಬ್ಬಿಣದ ಬುಟ್ಟಿಯಿಂದ ಮೊಗೆದು ಚೆಲ್ಲಿ ಕೊಡ ಹಿಡಿಯುತ್ತಿದ್ದರು. ಹೊಸ ನೀರು ಬಂತೆಂದರೆ ಮನೆಯಲ್ಲಿ ಉಳಿದ ಹಳೆಯ ನೀರನ್ನು ಬೀದಿಗೆ ಚೆಲ್ಲುವುದು ಅವರ ಪದ್ಧತಿ, ಓಣಿಯ ಎಲ್ಲರ ಪದ್ಧತಿಯೂ ಅದೇ. ನಿನ್ನೆಯ ಅನ್ನ ಹಳಸಿದಂತೆ ನಿನ್ನೆಯ ನೀರೂ ಹಳಸುತ್ತದೆ ಎಂಬುದು ಅವರ ಲೆಕ್ಕ. ಹೊಳೆಯಿಂದ ಎತ್ತಿ ತಂದ ನೀರು ಹೀಗೆ ಕೊಡಗಟ್ಟಲೆ ಗಟಾರ ಸೇರುವುದನ್ನು ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು.

ಆ ಬೇಸಗೆಯಲ್ಲಿ ಓಣಿಯ ಕೆಳಗಿನ ಮನೆಗಳಲ್ಲಿ ಕಾಮಣಿ ಕಾಣಿಸಿಕೊಂಡಿತು. ಕಣ್ಣು, ಉಗುರು ಹಳದಿಯಾಗಿ ಮಗ್ಗದ ಮೇಲೆ ಕೂಡಲಾಗದೆ ಮಲಗಿದವರು ಒಬ್ಬರಾದ ಮೇಲೆ ಒಬ್ಬರು. ಮೇಲಿನ ಮನೆಗಳಲ್ಲಿ ಮಾತ್ರ ಯಾರಿಗೂ ಇಲ್ಲ.

ಕಡೇ ಮನೆಯ ಅಕ್ಕ ಕಚೇರಿಗೆ ಬಂದದ್ದು ಆಗಲೇ. ಗಂಡ-ಹೆಂಡತಿ ಇಬ್ಬರೂ ನೇಯುವವರು, ಬೆರಳ ಸಂದಿಯಲ್ಲಿ ನೂಲಿನ ಬಣ್ಣ ಉಳಿದೇ ಇರುತ್ತಿತ್ತು. ಒಬ್ಬಳೇ ಮಗಳು, ಬೆಳ್ಳಟ್ಟಿಗೆ ಕೊಟ್ಟಿದ್ದರು. ಬಸುರಿಗೆ ಉಡಿ ತುಂಬುವ ಕುಬಸ ಮಾಡಿ ಚೊಚ್ಚಲ ಬಾಣಂತನಕ್ಕೆಂದು ಆಗತಾನೇ ಕರೆದುಕೊಂಡು ಬಂದಿದ್ದರು.

"ಸಾಹೇಬ್ರ, ಬೀಗತಿ ಹೇಳಿ ಕಳಿಸ್ಯಾರ. ನಿಮ್ಮ ಓಣ್ಯಾಗ ಕಾಮಣಿ ಐತಂತ, ಬಸರಿಗೆ ಅದು ಬಂದ್ರ ಜೀವಕ್ಕ ಕಷ್ಟ ಅಂತ ಡಾಕ್ಟರ್ ಹೇಳ್ಯಾರಂತ. ಅಮಾಸಿ ಮುಗಿದ ಕೂಡ್ಲೇ ಬಂದು ಸೊಸಿನ್ನ ಕರಕೊಂಡು ಹೋಗ್ತಾರಂತ."

"ಹೋಗಲಿ ಬಿಡ್ರಿ ಅಕ್ಕಾರ, ಸುರಕ್ಷಿತ ಇರತಾಳ," ಎಂದೆ ನಾನು, ದೊಡ್ಡ ಬುದ್ಧಿವಂತನಂತೆ.

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಚೊಚ್ಚಲ ಬಾಣಂತನಾನೂ ನಾ ಮಾಡದಿದ್ರ ನಾ ಯಾಕ ತಾಯಿ ಅನಿಸಿಕೊಳ್ಳಲಿ? ಆಕಿ ದಿನಾ ಕೇಳತಾಳ್ರಿ, ಯವ್ವಾ ನನ್ನ ಕಳಸತಿಯೇನು ಅಂತ. ನೀರು ಸರಿ ಐತಿ ಅಂತ ನೀವೊಂದು ಮಾತು ಹೇಳ್ರಿ. ಇಲ್ಲಂದ್ರ ಸರಿ ಮಾಡಿ ಕೊಡ್ರಿ."

ನೀರು ಕುದಿಸಿ ಕುಡಿಸಿರಿ ಎಂದಷ್ಟೇ ಹೇಳಿ ಕಳಿಸಿದೆ. ಅವರ ಮನೆಯಲ್ಲಿ ಕುಬಸದ ಹಸಿರು ಬಳೆಯ ಸಪ್ಪಳ ಕೇಳಿದ್ದೆ, ಬೀದಿಯಲ್ಲಿ ಓಡಾಡುವಾಗ. ಆ ಹುಡುಗಿ ಹೊರಗೆ ಕಟ್ಟೆಯ ಮೇಲೆ ಕೂತು ನೂಲು ಸುತ್ತುತ್ತ ನಗುತ್ತಿದ್ದಳು.

ಮರುದಿನದಿಂದ ಪರೀಕ್ಷೆಗೆ ನಿಂತೆ. ಗಾಜಿನ ನಳಿಗೆಯಲ್ಲಿ ನೀರು ಹಿಡಿದು ಔಷಧದ ಹನಿ ಬಿಟ್ಟರೆ, ಕ್ಲೋರಿನ್ ಇದ್ದಲ್ಲಿ ನೀರು ಹಳದಿಯಾಗುತ್ತದೆ. ಹಳದಿ ಬಂದರೆ ಕ್ರಿಮಿಗೆ ತಡೆ ಇದೆ ಎಂದು ಅರ್ಥ. ಟಾಕಿಯ ಬುಡದಲ್ಲಿ ಹಳದಿ ಬಂತು. ಆಯಿಯ ಮನೆಯಲ್ಲೂ ಬಂತು. ಕಡೇ ಮನೆಯಲ್ಲಿ ಸ್ವಲ್ಪ ತೆಳುವಾಗಿ, ಆದರೆ ಹಳದಿಯೇ ಬಂತು. ಓಣಿಯ ನಡುವೆ ಗಟಾರ ದಾಟುವಲ್ಲಿ ಪೈಪು ಒಡೆದಿರಬಹುದೆಂದು ರಸ್ತೆ ಅಗೆಸಿದೆ. ಬೀಡು ಕಬ್ಬಿಣದ ಪೈಪಿನ ಒಂದು ಜೋಡಣೆ ಬೆವರುತ್ತಿತ್ತು, ಖರೆ. ಸೆಣಬು ತುರುಕಿ, ಸೀಸ ಕಾಯಿಸಿ ಹೊಯ್ದು, ಬಡಿದು ಬಿಗಿ ಮಾಡಿದೆವು. ನನಗೆ ಗೆದ್ದೆನೆಂಬ ಸಮಾಧಾನವಾಯಿತು. ಅದಾಗಿ ಕೆಲವೇ ದಿನಕ್ಕೆ ಕೆಳಗಿನ ಮತ್ತೊಂದು ಮನೆಯಲ್ಲಿ ಕಾಮಣಿ ಬಂತು.

ನಮ್ಮ ಮೇಲಧಿಕಾರಿ ಕೆಟ್ಟವರಲ್ಲ, ನಾಲ್ಕೂ ಕಡೆಯಿಂದ ಬೈಸಿಕೊಂಡು ಸುಸ್ತಾದವರು. ಹಳದಿ ಬಂದ ಮೇಲೆ ನೀರಿನದು ತಪ್ಪಿಲ್ಲ, ಹೊರಗೆ ಏನೋ ತಿಂದಿದ್ದಾರೆ ಎಂದುಬಿಟ್ಟರು. "ನಿನ್ನ ದೊಡ್ಡ ಪಂಪಿನ ಪ್ರಸ್ತಾವ ಮುಗಿಸು. ಮೇಲಿನವರು ಕೇಳಾಕತ್ತಾರ." ಹಮ್ಮಿಗಿಯಲ್ಲಿ ಹೆಚ್ಚಿನ ಶಕ್ತಿಯ ಪಂಪು ಕೂರಿಸಿ ಊರಿಗೆ ಹೆಚ್ಚು ನೀರು ತರುವ ಪ್ರಸ್ತಾವ ಅದು. ನಾನೇ ನಕ್ಷೆ ಬರೆದಿದ್ದೆ, ಅದರ ಮೇಲೆ ನನಗೆ ಬಹಳ ಪ್ರೀತಿಯಿತ್ತು.

ನೀರು ಸರಿಯಿದೆ ಎಂಬ ಮಾತನ್ನು ಕಡೇ ಮನೆಗೆ ಹೇಳಲು ಹೋದೆ. ಪಾಳಿ ಮುಗಿದು, ನೀರಣ್ಣ ವಾಲ್ವ್ ಮುಚ್ಚಿ ಬೇರೆ ಓಣಿಗೆ ಹೋಗಿ ಬಹಳ ಹೊತ್ತಾಗಿತ್ತು. ಉರಿಬಿಸಿಲು. ಅಕ್ಕ ತಾಮ್ರದ ತಂಬಿಗೆಯಲ್ಲಿ ನೀರು, ಜೊತೆಗೆ ಬೆಲ್ಲ ತಂದಿಟ್ಟರು. ಕುಡಿಯಬೇಕೆಂದು ಎತ್ತಿದವನು ಯಾಕೋ ಸುಮ್ಮನೆ, ಕಿಸೆಯಲ್ಲಿ ನಳಿಗೆ ಇತ್ತಲ್ಲ ಎಂದು ಒಂದಿಷ್ಟು ಅದಕ್ಕೆ ಸುರಿದು ಹನಿ ಬಿಟ್ಟೆ. ಬಣ್ಣ ಬರಲಿಲ್ಲ. ಅಲುಗಾಡಿಸಿದೆ, ಮತ್ತೊಂದು ಹನಿ ಬಿಟ್ಟೆ. ನೀರು ಬೆಳ್ಳಗೆ ಹಾಗೇ ನಿಂತಿತ್ತು.

"ಇದು ನಿನ್ನೆ ತುಂಬಿದ ನೀರೇನ್ರಿ ಅಕ್ಕಾರ?"

"ಅಯ್ಯ, ನಿನ್ನೀ ನೀರು ಯಾರು ಕುಡಿಯಾಕ ಕೊಡತಾರ್ರಿ! ಈಗ ಹಿಡಿದದ್ದು. ತಿಳಿನೀರು."

"ಈಗ ಅಂದ್ರ? ವಾಲ್ವ್ ಬಂದ್ ಆಗಿ ಎಷ್ಟೋ ಹೊತ್ತಾತಲ್ಲ?"

"ಅದ ತಿಳಿನೀರ್ರಿ," ಎಂದರು ಅವರು, ಇಷ್ಟೂ ಗೊತ್ತಿಲ್ಲವೇ ಎಂಬಂತೆ. "ಮೊದಲ ಬರೋ ನೀರು ಬರೇ ಕೆಂಪು ಮಣ್ಣು, ತುಕ್ಕು, ಮ್ಯಾಲ ಮಂದಿ ಜಗಳ. ಅದು ಬಳಸಾಕ. ನೀರಣ್ಣ ಬಂದ್ ಮಾಡಿ ಹೋದ ಮ್ಯಾಲ ಇಲ್ಲಿ ಕೆಳಗಿನ ನಳದಾಗ ಸಣ್ಣಗ, ತಣ್ಣಗ ಇಳೀತೈತಿ. ತಿಳಿ ಇರತೈತಿ, ಜಗಳಿಲ್ಲ. ಕುಡಿಯಾಕ ಅದನ್ನ ಹಿಡಿತೀವಿ, ನಾವಷ್ಟ ಅಲ್ಲ, ಕೆಳಗಿನ ಎಲ್ಲಾ ಮನಿಯವರೂ. ಮಗಳು ಬಂದ ಮ್ಯಾಲಂತೂ ಆಕಿಗೆ ಬ್ಯಾರೆ ನೀರ ಕೊಟ್ಟಿಲ್ಲ. ಕುದಿಸಿದ್ದು ಸೇರೂದಿಲ್ಲ ಅಂತಾಳ."

ತಂಬಿಗೆ ಕೆಳಗಿಟ್ಟು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತೆ. ವಾಲ್ವ್ ಮುಚ್ಚಿದರೂ ಪೈಪಿನಲ್ಲಿ ನೀರು ಉಳಿದಿರುತ್ತದೆ. ಓಣಿ ಇಳಿಜಾರು, ಆ ನೀರು ಕೆಳಗಿನ ಮನೆಗಳತ್ತ ಇಳಿಯುತ್ತದೆ. ಇಳಿದ ಜಾಗ ಖಾಲಿ ಉಳಿಯುವುದಿಲ್ಲ, ಮೇಲಿನ ಮನೆಗಳ ತೆರೆದ ಬಾಯಿಗಳಿಂದ ಗಾಳಿ ಎಳೆದುಕೊಳ್ಳುತ್ತದೆ. ಬಾಯಿ ಗುಂಡಿಯ ನೀರಿನಲ್ಲಿ ಮುಳುಗಿದ್ದರೆ ಗುಂಡಿಯ ನೀರನ್ನೇ ಎಳೆದುಕೊಳ್ಳುತ್ತದೆ. ಮೇಲಿನವರ ಬಚ್ಚಲು, ಗಟಾರ ಎಲ್ಲ ಪೈಪಿನ ನೀರಿನಲ್ಲಿ ಬೆರೆತು, ಅದರ ಕ್ಲೋರಿನ್ ತಿಂದುಹಾಕಿ, ಸೋಸಿದಂತೆ ತಿಳಿಯಾಗಿ, ತಣ್ಣಗೆ, ಜಗಳವಿಲ್ಲದೆ ಬಂದು ಬಸುರಿಯ ತಂಬಿಗೆ ಸೇರುತ್ತಿತ್ತು. ನಾನು ಪರೀಕ್ಷೆ ಮಾಡಿದ್ದೆಲ್ಲ ನೀರು ಬಿಟ್ಟ ಹೊತ್ತಿನಲ್ಲಿ. ಇವರು ಕುಡಿಯುತ್ತಿದ್ದದ್ದು ನೀರು ನಿಂತ ಮೇಲಿನದು.

"ಅಕ್ಕಾರ, ಆ ನೀರು ಇವತ್ತಿಂದ ಆಕಿಗೆ ಹನಿ ಸೈತ ಕೊಡಬ್ಯಾಡ್ರಿ. ಸೇರಲಿ ಬಿಡಲಿ, ಕುದಿಸಿದ್ದ ಕೊಡ್ರಿ," ಎಂದೆ. ಅಕ್ಕನ ಮುಖ ಕಪ್ಪಿಟ್ಟಿತು. ಒಳಗಿದ್ದ ಕುಡಿಯುವ ಕೊಡವನ್ನು ಎತ್ತಿ ತಂದು ನನ್ನ ಕಣ್ಣೆದುರೇ ಬೀದಿಗೆ ಸುರಿದರು. ಆಮೇಲೆ ಹೊಸ್ತಿಲ ಮೇಲೆ ಕೂತು, "ನನ್ನ ಕೈಯಾರೆ ಕುಡಿಸಿದೆನಲ್ಲೋ ತಮ್ಮಾ," ಎಂದು ಅತ್ತರು. ಸಾಹೇಬ ಎಂಬುದು ಆ ಕ್ಷಣ ಅವರ ಬಾಯಿಂದ ಬಿದ್ದುಹೋಗಿತ್ತು.

ಆದರೆ ನನ್ನ ಮಾತನ್ನು ಓಣಿಯಲ್ಲಿ ಉಳಿದವರು ನಂಬಬೇಕಲ್ಲ. ಮೇಲಿನ ಮನೆಯ ಗುಂಡಿಯ ನೀರು ಮಣ್ಣೊಳಗಿನ ಪೈಪಿನಲ್ಲಿ ಹರಿದು ಕೆಳಗಿನ ಮನೆಗೆ ಬರುತ್ತದೆ ಎಂದರೆ ನಕ್ಕರು. ಅಕ್ಕನ ಗಂಡ ನೂಲಿನ ಬಣ್ಣ ಹಾಕಿ ನೋಡೋಣ ಎಂದರು. ಅದು ವಿಷ, ಬೇಡ ಎಂದು ನಾನು ಪೇಟೆಯ ಮಿಠಾಯಿ ಅಂಗಡಿಯಿಂದ ಜಿಲೇಬಿಗೆ ಹಾಕುವ ಕೆಂಪು ಬಣ್ಣ ತಂದೆ. ಆ ದಿನ ಕೆಳಗಿನವರು ನಳದ ನೀರು ಬಳಸಬಾರದೆಂದು ಮನೆಮನೆಗೂ ಹೇಳಿ ಬಂದೆ. ಪಾಳಿ ಮುಗಿದು ವಾಲ್ವ್ ಮುಚ್ಚುತ್ತಿದ್ದಂತೆ ಆಯಿಯ ಗುಂಡಿಯ ನಿಂತ ನೀರಿಗೆ ಬಣ್ಣ ಸುರಿದೆ.

"ಏ ಇಂಜಿನೇರಾ! ನನ್ನ ಗುಂಡ್ಯಾಗ ಏನ ಹಾಕತೀಲೇ?" ಆಯಿ ಒಳಗಿನಿಂದ ಓಡಿ ಬಂದರು.

"ಜಿಲೇಬಿ ಬಣ್ಣ, ಆಯಿ."

"ಜಿಲೇಬಿ ಮಾಡಾಕ ನನ್ನ ಗುಂಡಿನ ಬೇಕಾಗಿತ್ತೇನು? ಬಾಡಿಗಿ ಕೊಟ್ಟಿ ಅಂತ ತಲೀ ಮ್ಯಾಲ ಕುಂಡ್ರತೀ ಏನು?"

ಅವರು ಬೈಯುತ್ತಿದ್ದಂತೆಯೇ ಕೆಂಪು ನೀರು ಗುಂಡಿಯಲ್ಲಿ ಮೆಲ್ಲಗೆ ಇಳಿಯಿತು. ಪೈಪಿನ ಬಾಯಿಯಲ್ಲಿ ಗುಳುಗುಳು ಸಪ್ಪಳ. ಆಯಿ ಬೈಗುಳ ಅರ್ಧಕ್ಕೆ ನಿಲ್ಲಿಸಿ ಬಗ್ಗಿ ನೋಡಿದರು. ಸ್ವಲ್ಪ ಹೊತ್ತಿಗೆ ಓಣಿಯ ಕೆಳಗಿನಿಂದ ಕೂಗೆದ್ದಿತು. ಕಡೇ ಮನೆಯ ಗುಂಡಿಯಲ್ಲಿ ಅಕ್ಕ ಬಿಳಿ ಗಂಗಾಳ ಹಿಡಿದು ನಿಂತಿದ್ದರು. ಅದರೊಳಗಿನ ನೀರು ಎಳೆ ಕೆಂಪಾಗಿತ್ತು. ಸುತ್ತ ನಿಂತವರಲ್ಲಿ ಯಾರೂ ನಗಲಿಲ್ಲ. ಅವರ ಮಗಳು ಬಾಗಿಲ ಚೌಕಟ್ಟು ಹಿಡಿದು ನೋಡುತ್ತಿದ್ದಳು, ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು.

ಗುಂಡಿ ಮುಚ್ಚಬೇಕು, ಎಲ್ಲರೂ ಒಪ್ಪಿದರು. ಮೊದಲು ಯಾರು ಮುಚ್ಚಬೇಕು? ಅಲ್ಲಿಗೇ ನಿಂತಿತು. ಮುಚ್ಚಿದವರಿಗೆ ನೀರು ಬರುವುದಿಲ್ಲ, ಪಕ್ಕದವರ ಆಳದ ಗುಂಡಿ ಎಲ್ಲವನ್ನೂ ಕುಡಿದುಬಿಡುತ್ತದೆ. ಕೆಳಗಿನವರು ಮೇಲಿನವರತ್ತ, ಮೇಲಿನವರು ಕೆಳಗಿನವರತ್ತ ಕೈ ತೋರಿಸಿದರು. ಆಯಿಯಂತೂ ಮೆಟ್ಟಿಲ ಮೇಲೆ ಕೂತು, "ನಾ ಮುಚ್ಚಿದ್ರ ನನಗ ನೀರು ನಿಮ್ಮಪ್ಪ ತಂದು ಕೊಡತಾನೇನು?" ಎಂದರು. ಕಚೇರಿಯಿಂದ ಆಳುಗಳನ್ನು ಕರೆಸಿ ಮಣ್ಣು ತುಂಬಿಸಿಯೂ ನೋಡಿದೆ. ಮರುದಿನ ಮುಂಜಾನೆಯ ಹೊತ್ತಿಗೆ ಎಲ್ಲ ಗುಂಡಿಗಳೂ ಮತ್ತೆ ತೆರೆದಿದ್ದವು. ಸಿಟ್ಟಿನಿಂದ ನಾನು ರಸ್ತೆಯಲ್ಲಿ ನಿಂತು ಏನೇನೋ ಕೂಗಾಡಿದೆ. ನೀರಣ್ಣ ಬೀಡಿ ಹಚ್ಚಿಕೊಂಡು, "ಸಾಹೇಬ್ರ, ನಿಮಗ ಯಾವಾಗ ನೀರು ಬರತೈತೋ ಗೊತ್ತಿರದಿದ್ರ ನೀವೂ ಬಾಯಿ ತಕ್ಕೊಂಡ ಕುಂಡ್ರತಿದ್ರಿ," ಎಂದ.

ಅವನು ನನ್ನನ್ನು ಚುಚ್ಚಲು ಹೇಳಿದ್ದು. ಆದರೆ ಆ ಮಧ್ಯಾಹ್ನ ಪಂಪಿನ ನಕ್ಷೆ ಬಿಡಿಸಿಟ್ಟುಕೊಂಡು ಕೂತಾಗ ಅದೇ ತಲೆಯಲ್ಲಿ ತಿರುಗಿತು. ಹಮ್ಮಿಗಿಯಿಂದ ಹೆಚ್ಚು ನೀರು ತಂದು ಈ ಓಣಿಗೆ ಬಿಟ್ಟರೆ ಏನಾಗುತ್ತದೆ? ಗುಂಡಿಗಳು ಜಲ್ದಿ ತುಂಬುತ್ತವೆ, ಬೀದಿಗೆ ಹೆಚ್ಚು ಚೆಲ್ಲುತ್ತಾರೆ. ವಾಲ್ವ್ ಮುಚ್ಚಿದ ಮೇಲೆ ಪೈಪು ಆಗಲೂ ಖಾಲಿಯಾಗುತ್ತದೆ, ಆಗಲೂ ಗಟಾರ ಕುಡಿಯುತ್ತದೆ. ಕೊರತೆ ಇದ್ದದ್ದು ನೀರಿಗಿಂತ ನಂಬಿಕೆಗೆ. ಪೈಪು ಎಂದೂ ಖಾಲಿಯಾಗಬಾರದು, ಮಾಡಬೇಕಾದದ್ದು ಇಷ್ಟೇ. ನಕ್ಷೆ ಸುತ್ತಿ ಕಪಾಟಿನ ಮೇಲಿಟ್ಟು ಮೇಲಧಿಕಾರಿಯ ಮುಂದೆ ಹೋಗಿ ನಿಂತೆ.

"ಈ ಒಂದು ಓಣಿಗೆ ವಾಲ್ವ್ ಮುಚ್ಚೂದ ಬ್ಯಾಡ್ರಿ ಸರ್. ಸ್ವಲ್ಪ ತೆಗೆದು, ಹಗಲೂ ರಾತ್ರಿ ಹಂಗ ಬಿಡೂಣು."

"ತಲಿ ನೆಟ್ಟಗ ಐತೇನು? ಬ್ಯಾಸಗಿ ನಡದೈತಿ. ಪಾಳಿಗೇ ಸಾಲವಲ್ದು, ನೀ ದಿನಾ ಬಿಡತೇನಿ ಅಂತಿ."

ತುಂಬ ಹೊತ್ತು ವಾದ ಮಾಡಿದೆ. ಕಡೆಗೆ ಅಮವಾಸ್ಯೆಯವರೆಗೆ ನೋಡಲು ಒಪ್ಪಿದರು. ಬೇರೆ ಓಣಿಯ ಪಾಳಿ ತಪ್ಪಿತೋ, ನಾನೇ ಹೋಗಿ ಅಲ್ಲಿಯ ಜನರ ಬೈಗುಳ ತಿನ್ನಬೇಕು, ಆಮೇಲೆ ಈ ಓಣಿಯ ಮಾತೆತ್ತಬಾರದು ಎಂದರು. ಆಗಲಿ ಸರ್ ಎಂದೆ. ಅಮವಾಸ್ಯೆ ಬಾಗಿಲಲ್ಲೇ ಇತ್ತು.

ಅಷ್ಟೂ ನಳಗಳ ಬಾಯಿಗೆ ಸ್ವಲ್ಪ ಹೊತ್ತಿನ ಮಟ್ಟಿಗೆ ಬೆಣೆ ಜಡಿದು, ಬ್ಲೀಚಿಂಗ್ ಪುಡಿ ಗಾಢವಾಗಿ ಕಲಸಿದ ನೀರನ್ನು ಓಣಿಯ ಪೈಪಿಗೆ ತುಂಬಿ ನಿಲ್ಲಿಸಿ, ಕಡೇ ಮನೆಯ ಮುಂದಿನ ಬಾಯಿ ತೆರೆದು ಹೊರಬಿಟ್ಟೆವು. ಕರಿ ರಾಡಿ ಬಂತು, ಆಮೇಲೆ ಕೆಂಪು, ಆಮೇಲೆ ಬಿಳಿ. ಅದು ಮುಗಿದ ಮೇಲೆ ನೀರಣ್ಣ ಚಾವಿ ಇಳಿಸಿ ವಾಲ್ವನ್ನು ಒಂದಿಷ್ಟೇ ತಿರುಗಿಸಿ ನನ್ನ ಮುಖ ನೋಡಿದ. ಅಷ್ಟೇ ಸಾಕು, ಚಾವಿ ತೆಗೆ ಎಂದೆ.

"ತೆಗದ್ರ ಮತ್ತ ಯಾವಾಗ ಬರಲಿ?"

"ಬರೂದ ಬ್ಯಾಡ."

ಅವನು ಚಾವಿ ಹೆಗಲಿಗೇರಿಸಿಕೊಂಡ. "ಅಂದ್ರ ಈ ಓಣ್ಯಾಗ ನನ್ನ ಚಹಾ ಹೋತು," ಎಂದು ಹೊರಟ. ನಗುತ್ತಲೇ ಹೇಳಿದ, ಆದರೆ ಅವನಿಗೆ ಬೇಸರವಾಗಿದ್ದು ಬೆನ್ನಿನಲ್ಲೇ ಕಾಣುತ್ತಿತ್ತು.

ಮೊದಲ ದಿನ ಗದ್ದಲವೋ ಗದ್ದಲ. ನೀರು ನಿಲ್ಲುವುದಿಲ್ಲ ಎಂದು ಹೇಳಿದರೂ ಯಾರೂ ನಂಬಲಿಲ್ಲ. ಹಂಡೆ, ಕೊಡ, ಗಂಗಾಳ, ನೂಲಿಗೆ ಬಣ್ಣ ಹಾಕುವ ಪಾತ್ರೆ, ಕಡೆಗೆ ತೊಟ್ಟಿಲು ಬಿಟ್ಟು ಉಳಿದದ್ದಕ್ಕೆಲ್ಲ ತುಂಬಿದರು. ತುಂಬಿದ್ದನ್ನು ಚೆಲ್ಲಿ ಮತ್ತೆ ತುಂಬಿದರು. ಕೆಳಗಿನ ಮನೆಗಳಿಗೆ ನೂಲಿನೆಳೆಯಷ್ಟು ನೀರೂ ತಲುಪಲಿಲ್ಲ. ಮಧ್ಯಾಹ್ನ ನೀರಣ್ಣ ಸೈಕಲ್ ಮೇಲೆ ಏದುಸಿರು ಬಿಡುತ್ತ ಬಂದ. "ಟಾಕಿ ಇಳ್ಯಾಕತ್ತೈತ್ರಿ! ಸಂಜೀ ಪಾಳಿ ಹೆಂಗ ಬಿಡಲಿ? ಬಂದ್ ಮಾಡಲೇನು?"

ಕಡೇ ಮನೆಯ ಅಕ್ಕ ಖಾಲಿ ಕೊಡ ಹಿಡಿದು ನನ್ನೆದುರೇ ನಿಂತಿದ್ದರು. ಮುಚ್ಚು ಎಂದರೆ ಸಂಜೆ ಪಾಳಿ ಉಳಿಯುತ್ತದೆ, ಆದರೆ ಬೆಳಗಿನವರೆಗೆ ಪೈಪು ಖಾಲಿಯಾಗಿ ಮತ್ತೆ ಗುಂಡಿ ಕುಡಿಯುತ್ತದೆ, ಜನ ಇನ್ನೆಂದೂ ನನ್ನನ್ನು ನಂಬುವುದಿಲ್ಲ.

"ಸಂಜೀ ಪಾಳಿ ಅರ್ಧ ಹೊತ್ತು ಬಿಡು. ಅಲ್ಲಿ ಮಂದಿ ಕೇಳಿದ್ರ ನನ್ನ ಹೆಸರು ಹೇಳು. ಇದನ್ನ ಮುಟ್ಟಬ್ಯಾಡ."

ಸಂಜೆ ಆ ಓಣಿಗೆ ಹೋಗಿ ಬೈಗುಳ ತಿಂದೆ. ತಿರುಗಿ ಬಂದಾಗ ಆಯಿ ಬಾಗಿಲಲ್ಲಿ ಕಚ್ಚೆ ಎತ್ತಿ ಕಟ್ಟಿಕೊಂಡು ನಿಂತಿದ್ದರು. ಅವರ ಗುಂಡಿ ತುಂಬಿ, ಕಲ್ಲಿನ ಮೆಟ್ಟಿಲೆಲ್ಲ ಮುಳುಗಿ, ನೀರು ಅಂಗಳಕ್ಕೆ ಹರಿದು ಹೊಸ್ತಿಲು ಮುಟ್ಟಿತ್ತು. ಮನೆಯಲ್ಲಿ ಖಾಲಿ ಪಾತ್ರೆ ಒಂದೂ ಉಳಿದಿರಲಿಲ್ಲ.

"ಏ ಇಂಜಿನೇರಾ, ಬಂದ್ ಮಾಡಲೇ ನಿನ್ನ ನೀರು! ಮನಿಯೊಳಗ ಬರಾಕತ್ತೈತಿ. ಇನ್ನ ಎದರಾಗ ತುಂಬಲಿ? ನನ್ನ ಬಾಯಾಗ ತುಂಬಲೇನು?"

ಸಿಟ್ಟು, ಸುಸ್ತು ಎಲ್ಲ ಹೋಗಿ ನನಗೆ ನಗು ಬಂತು. "ನಾ ಬಂದ್ ಮಾಡೂದಿಲ್ಲ ಆಯಿ. ನೀವ ಬಂದ್ ಮಾಡ್ರಿ."

"ಹೆಂಗ ಮಾಡಲಿ? ಕೈಯಿಂದ ಒತ್ತಿ ಹಿಡಕೊಂಡ ಕುಂಡ್ರಲೇನು?"

"ತೋಟಿ ಹಚ್ಚಿ ಕೊಡತೇನಿ. ಆದ್ರ ಗುಂಡ್ಯಾಗ ಅಲ್ಲ, ಮ್ಯಾಲ. ನಿಂತು ಹಿಡಿಯುವಂಗ."

"ಮ್ಯಾಲ ಏರತೈತೇನು?"

"ಏರದಿದ್ರ ನಿಮ್ಮ ಗುಂಡಿ ನಾನ ಮತ್ತ ತೋಡಿ ಕೊಡತೇನಿ."

ಮರುದಿನ ಬೆಳಕು ಹರಿಯುತ್ತಲೇ ಫಿಟ್ಟರನ್ನು ಕರೆತಂದು ಪೈಪು ಎತ್ತರಿಸಿ ಆಯಿಯ ನಳಕ್ಕೆ ಹಿತ್ತಾಳೆಯ ತೋಟಿ ಹಾಕಿದೆ. ಅವರು ತಿರುಗಿಸಿದರು, ನೀರು ಸಣ್ಣಗೆ ಬಂತು. ಇಷ್ಟೇನಾ ಎಂದು ಮುಖ ಸಿಂಡರಿಸಿ ಮುಚ್ಚಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆರೆದರು, ಮತ್ತೆ ಬಂತು. ಮಧ್ಯಾಹ್ನದವರೆಗೂ ಅವರಿಗೆ ಅದೇ ಕೆಲಸವಾಯಿತು. ಪ್ರತಿ ಸಲವೂ ನೀರು ಅಲ್ಲೇ ಕಾದು ನಿಂತಿರುತ್ತಿತ್ತು. ಕಡೆಗೆ ಆಯಿ ಸೆರಗು ಸಿಕ್ಕಿಸಿಕೊಂಡು ತಾವೇ ಬುಟ್ಟಿಯಲ್ಲಿ ಮಣ್ಣು ತಂದು ತಮ್ಮ ಹೆಮ್ಮೆಯ ಗುಂಡಿಗೆ ಸುರಿದರು. ಬಿಡುವಾದ ಮೇಲೆ ಪಕ್ಕದ ಮನೆಯ ಮುಂದೆ ಹೋಗಿ ನಿಂತು, "ಇನ್ನೂ ಹೊಂಡದಾಗ ಇಳದ ಕುಂಡ್ರತೀಯೇನ? ಮ್ಯಾಲ ಬಾ, ನಿಂತು ನೀರ ಹಿಡಿ!" ಎಂದು ಗದರಿಸಿದರು. ನನ್ನ ಮಾತಿಗೆ ಬಗ್ಗದ ಓಣಿ ಅವರ ಬಾಯಿಗೆ ಹೆದರಿತು. ಮೇಲಿನ ಮನೆಗಳು ಒಂದೊಂದೇ ತೋಟಿ ಹಾಕಿಸಿಕೊಂಡು ಮುಚ್ಚುತ್ತ ಹೋದಂತೆ ಕೆಳಗೆ ನೀರು ಏರಿತು. ಅದೇ ವಾಲ್ವ್, ಅದೇ ಅಷ್ಟೇ ತಿರುವು.

ಅಮವಾಸ್ಯೆಯ ಹೊತ್ತಿಗೆ ಓಣಿ ಬದಲಾಗಿತ್ತು. ನಾಳೆಯೂ ಬರುತ್ತದೆ ಎಂದ ಮೇಲೆ ಇಂದು ಯಾರು ಹಂಡೆ ತುಂಬಿಡುತ್ತಾರೆ? ತುಂಬಿಡದ ಮೇಲೆ ಚೆಲ್ಲುವುದೇನು? ಟಾಕಿ ಇಳಿಯುವುದು ನಿಂತಿತು. ಓಣಿಗೆ ಹಗಲೂ ರಾತ್ರಿ ಬಿಟ್ಟ ನೀರು ಮೊದಲಿನ ಪಾಳಿಯ ನೀರಿಗಿಂತ ಕಡಿಮೆಯೇ ಆಗಿತ್ತು. ಅದನ್ನು ನೀರಣ್ಣ ಮೂರು ಸಲ ಟಾಕಿ ಹತ್ತಿ ನೋಡಿ ಬಂದ, ಒಪ್ಪಿಕೊಳ್ಳಲು ಮನಸ್ಸಿಲ್ಲದೆ. ಮೇಲಧಿಕಾರಿ ತಾವೇ ಬಂದು ನೋಡಿ, ಆಯಿಯ ತೋಟಿ ತೆರೆದು ಮುಖ ತೊಳೆದುಕೊಂಡು ಹೋದರು. ಕೆಳಗಿನ ಮನೆಗಳಲ್ಲಿ ಯಾವ ಹೊತ್ತಿನಲ್ಲಿ ಹನಿ ಬಿಟ್ಟರೂ ನೀರು ಹಳದಿಯಾಗುತ್ತಿತ್ತು.

ಬೀಗತಿ ಹೇಳಿದಂತೆಯೇ ಬಂದರು. ಗಟ್ಟಿ ಹೆಂಗಸು, ಮಾತು ಕಡಿಮೆ. ಅಕ್ಕ ನನ್ನನ್ನು ಕರೆಸಿದರು. ನಾನು ನಳಿಗೆ ಹಿಡಿದು ಹಳದಿ ತೋರಿಸಿದೆ. "ಬಣ್ಣ ತೋರಸಬ್ಯಾಡ್ರಿ ಸಾಹೇಬ್ರ. ನನ್ನ ಸೊಸಿ ಜೀವದ ಪ್ರಶ್ನಿ," ಎಂದರು ಬೀಗತಿ. ಅವರ ಮಾತಿನಲ್ಲಿ ತಪ್ಪೇನಿತ್ತು? ಮೊದಲು ಕುಡಿದ ಕೆಟ್ಟ ನೀರಿನ ಫಲ ತಡವಾಗಿಯೂ ಕಾಣಿಸಿಕೊಳ್ಳಬಹುದು, ಡಾಕ್ಟರಿಗೆ ತೋರಿಸುತ್ತಿರಿ, ಕುದಿಸಿಯೇ ಕುಡಿಸಿರಿ ಎಂದು ಮುಚ್ಚುಮರೆ ಇಲ್ಲದೆ ಹೇಳಿದೆ. ಅಕ್ಕನ ಮುಖ ಇಳಿಯಿತು, ಆದರೆ ಸುಳ್ಳು ಧೈರ್ಯ ಹೇಳಲು ನನಗೆ ಬಾಯಿ ಬರಲಿಲ್ಲ. ಬೀಗತಿ ಒಂದು ದಿನ ಉಳಿದರು. ನಳದ ಹತ್ತಿರ ಕೂತು ಓಣಿಯನ್ನೆಲ್ಲ ನೋಡಿದರು. ಹೊರಡುವಾಗ ಸೊಸೆಯ ತಲೆ ಮುಟ್ಟಿ, "ನೀ ಏನಂತೀ?" ಎಂದು ಕೇಳಿದರು.

"ನಾ ಇಲ್ಲೇ ಇರತೇನ್ರಿ ಅತ್ತಿ."

"ನನಗ ಸುಳ್ಳ ಧೈರ್ಯ ಹೇಳದವರು ಇಲ್ಲಿ ಇವರೊಬ್ಬರ," ಎಂದು ಬೀಗತಿ ನನ್ನತ್ತ ನೋಡಿದರು. "ಇರಲಿ ಬಿಡ್ರಿ. ನೀರು ಕಾಸಿ ಕುಡಸ್ರಿ." ಅಕ್ಕ ಅವರ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಆಮೇಲಿನ ದಿನಗಳು ನನಗೆ ಅಕ್ಕನಷ್ಟೇ ಕಷ್ಟದವಾದವು. ಮುಂಜಾನೆ ಕಚೇರಿಗೆ ಹೋಗುವಾಗ ಬೇಕೆಂದೇ ಓಣಿಯ ಕೆಳಗಿನಿಂದ ಹೋಗಿ ಆ ಹುಡುಗಿಯ ಕಣ್ಣಿನ ಬಿಳಿ ನೋಡುತ್ತಿದ್ದೆ. ಆಕೆಗೆ ಅದು ಗೊತ್ತಾಗಿ, ನಾನು ಕಾಣುತ್ತಲೇ ಕಣ್ಣರಳಿಸಿ ತೋರಿಸಿ ನಗುತ್ತಿದ್ದಳು. ಓಣಿಯಲ್ಲಿ ಹೊಸದಾಗಿ ಯಾರಿಗೂ ಕಾಮಣಿ ಬರಲಿಲ್ಲ. ಮಳೆಗಾಲ ಹಿಡಿಯುವ ಹೊತ್ತಿಗೆ ಆಕೆಗೆ ಹೆಣ್ಣು ಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂಬ ಖಬರ ನನಗೆ ಮುಟ್ಟಿಸಿದವನು ನೀರಣ್ಣ. ಹೇಳುವಾಗ ಅವನ ಕಣ್ಣು ತುಂಬಿತ್ತು, ನನ್ನದೂ.

ಇಡೀ ಊರಿಗೆ ಹಾಗೆ ಮಾಡಲು ನನ್ನಿಂದಾಗಲಿಲ್ಲ. ಉಳಿದ ಓಣಿಗಳಲ್ಲಿ ಪಾಳಿ ಮುಂದುವರಿಯಿತು, ಎಷ್ಟೋ ಗುಂಡಿಗಳು ಹಾಗೇ ಉಳಿದವು. ದೊಡ್ಡ ಪಂಪನ್ನು ಬೇರೆ ಯಾರೋ ಆಮೇಲೆ ತಂದರು, ಅದೂ ಬೇಕಿತ್ತು. ಆದರೆ ಒಂದು ಓಣಿಯ ಪೈಪು ಖಾಲಿಯಾಗದಂತೆ ನೋಡಿಕೊಂಡದ್ದಕ್ಕಿಂತ ಹೆಚ್ಚಿನ ಕೆಲಸ ನಾನು ಮಾಡಿದೆ ಎಂದು ನನಗೆ ಅನ್ನಿಸಿಲ್ಲ.

ಬಾಣಂತನ ಮುಗಿದ ಮೇಲೆ ಗಂಗೆ ಪೂಜೆ ಇಟ್ಟುಕೊಂಡರು. ಹಿಂದೆಲ್ಲ ಬಾವಿಗೆ ಹೋಗುತ್ತಿದ್ದರಂತೆ. ಈ ಸಲ ಮನೆಯ ಮುಂದಿನ ನಳಕ್ಕೇ ಮಾಡುತ್ತೇವೆ ಎಂದು ಅಕ್ಕ ಹಟ ಹಿಡಿದರು. ನನ್ನನ್ನೂ ನೀರಣ್ಣನನ್ನೂ ಕರೆದರು, ನೀರಣ್ಣನಿಗೆ ಮೊದಲು ಚಹಾ ಕೊಟ್ಟರು. ಬೆಳ್ಳಟ್ಟಿಯಿಂದ ಬೀಗತಿ ಬಂದಿದ್ದರು. ಆಯಿ ಎಲ್ಲರಿಗಿಂತ ಮುಂದೆ ನಿಂತು ಅರಿಸಿನ ಹಚ್ಚು, ಕುಂಕುಮ ಹಚ್ಚು ಎಂದು ಅಪ್ಪಣೆ ಕೊಡುತ್ತಿದ್ದರು. ತೋಟಿಗೆ ಹಚ್ಚಿದ ಕುಂಕುಮ ಒದ್ದೆಯಾಗಿ ಕೆಂಪಗೆ ಇಳಿಯಿತು.

"ಸಾಹೇಬ್ರ, ಮತ್ತ ಕೆಂಪ ನೀರು ಬಂತು ನೋಡ್ರಿ," ಎಂದ ನೀರಣ್ಣ. ಎಲ್ಲರೂ ನಕ್ಕರು. ಆಯಿ ಅವನ ಬೆನ್ನಿಗೊಂದು ಗುದ್ದಿದರು.

ಮಗುವನ್ನು ಅಜ್ಜಿಯ ಕೈಗೆ ಕೊಟ್ಟು ಬಾಣಂತಿ ನಳದ ಮುಂದೆ ಬಂದು ನಿಂತಳು. ಬಗ್ಗಲಿಲ್ಲ, ಇಳಿಯಲಿಲ್ಲ, ನಿಂತುಕೊಂಡೇ ತೋಟಿ ತೆರೆದು ತಾಮ್ರದ ತಂಬಿಗೆ ತುಂಬಿಸಿದಳು. ತುಂಬಿದ ಮೇಲೆ, ಯಾರೂ ಹೇಳದಿದ್ದರೂ, ತೋಟಿಯನ್ನು ಬಿಗಿಯಾಗಿ ತಿರುಗಿಸಿ ಬಂದ್ ಮಾಡಿ ಒಳಗೆ ನಡೆದಳು.